ಸೈಲೆನ್ಸ್ ಅಂದ ಮೇಲೆ

'ಸೈಲೆನ್ಸ್!' ಅಂತ ಕೂಗುತ್ತಾರೆ.
ಫ್ಯಾನು ನಿಲ್ಲುತ್ತದೆ, ಟೀ ಲೋಟ ಅರ್ಧಕ್ಕೆ ನಿಲ್ಲುತ್ತದೆ,
ಉತ್ತರಹಳ್ಳಿಯ ಆ ಬಾಡಿಗೆ ಬಂಗಲೆಯಲ್ಲಿ
ಕಾವಲು ನಾಯಿಯೂ ಬಾಯಿ ಮುಚ್ಚುತ್ತದೆ.
ನನ್ನ ಕಿವಿ ಮಾತ್ರ ಏನನ್ನೋ ಹುಡುಕಲು ಹೊರಡುತ್ತದೆ.

ಕಬ್ಬನ್‌ಪೇಟೆಯ ಗಲ್ಲಿಯಲ್ಲಿ
ಎರಡು ಪವರ್‌ಲೂಮಿನ ಮೇಲಿನ ಅಟ್ಟದಲ್ಲಿ ಮಲಗಿ ಬೆಳೆದವಳು.
ಖಟಕ್ ಖಟಕ್ ಖಟಕ್
ಅದೇ ಜೋಗುಳ, ಅದೇ ಅಲಾರಂ.
ಕರೆಂಟು ಹೋದರೆ ಬೆಚ್ಚಿ ಎದ್ದು ಅಳುತ್ತಿದ್ದೆನಂತೆ.
'ಊರ ಮಕ್ಕಳು ಸದ್ದಾದರೆ ಏಳ್ತವೆ,
ನಮ್ಮದು ಸದ್ದಿಲ್ಲ ಅಂತ ಏಳುತ್ತೆ'
ಅಮ್ಮ ನಲ್ಲಿ ಹತ್ತಿರ ಹೇಳಿ ನಗುತ್ತಿದ್ದಳು.

ನಮ್ಮಲ್ಲಿ ಉಪ್ಪು ಕೇಳುವುದೂ ಕೂಗಿಯೇ.
ಜಗಳ ಮಾತ್ರ ಮೌನದಲ್ಲಿ:
ಅಪ್ಪ ಮಗ್ಗದ ಆ ಕಡೆ,
ಅಮ್ಮ ಕಂಡಿಕೆ ಸುತ್ತುತ್ತ ಈ ಕಡೆ,
ನಡುವೆ ಲಾಳಿ, ಎರಡೇ ಎರಡು ಜೊತೆ ತುಟಿ.
ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ:
ಚೀಟಿ ದುಡ್ಡು. ನಿಮ್ಮಕ್ಕ. ಮತ್ತೆ ಚೀಟಿ ದುಡ್ಡು.
ಹುಬ್ಬು ಏಳುವ ಮೊದಲೇ ಕೋಪ ಗೊತ್ತಾಗುತ್ತಿತ್ತು ನನಗೆ.

ನಟನೆ ಎಲ್ಲಿ ಕಲಿತಿರಿ ಅನ್ನುತ್ತಾರೆ.
ರಂಗ ಶಿಬಿರ ಅನ್ನುತ್ತೇನೆ.
ಎರಡು ತಿಂಗಳು ಹೋದದ್ದು ಸುಳ್ಳೇನಲ್ಲ.

ಮೊದಲ ದಿನ ಸೌಂಡಿನವನು ಹೆಡ್‌ಫೋನ್ ಕಿತ್ತಿಟ್ಟ:
'ಮೇಡಂ, ಇದು ಮಾರ್ಕೆಟ್ಟಲ್ಲ.'
ಚೌಡೇಶ್ವರಿ ಅನ್ನೋ ಹೆಸರು ಟೈಟಲ್ ಕಾರ್ಡಿಗೆ ಉದ್ದವಾಯಿತಂತೆ,
ಚಾನೆಲ್ಲಿನವರು ನಿನಾದ ಅಂತ ಇಟ್ಟರು.
ಹೆಸರು ನನಗೆ. ನಾದ ಕಮಲಾನಗರದ ಸುಮಿತ್ರಾಗೆ,
ಇನ್ನೂರ ಮೂವತ್ತು ಎಪಿಸೋಡಿನಿಂದ
ನನ್ನ ಬಾಯಿಗೆ ದನಿ ಕೊಡುತ್ತಿರುವವಳು.
ಒಮ್ಮೆ ಲಿಫ್ಟಿನಲ್ಲಿ ಸಿಕ್ಕಳು, ಶೀತ ಆಗಿತ್ತು.
ಬೆಚ್ಚಗಿನ ನೀರು ಕುಡೀರಿ ಅಂದೆ,
ನನ್ನ ಗಂಟಲಿಗೇ ಹೇಳಿಕೊಂಡ ಹಾಗೆ.

ಈಗ ನಾನು ಶ್ರೀಮಂತರ ಹಿರಿ ಸೊಸೆ, ಕೆಟ್ಟವಳು.
'ಪ್ಯೂರ್ ಸಿಲ್ಕು' ಅಂತ ಉಡಿಸುತ್ತಾರೆ.
ಹೆಬ್ಬೆರಳು ಅಂಚು ಮುಟ್ಟಿದ್ದೇ ಹೇಳುತ್ತದೆ: ಸೂರತ್ತು, ಪಾಲಿಯೆಸ್ಟರು,
ಜರಿಯಂತೂ ಜರಿಯೇ ಅಲ್ಲ.
ಕಣ್ಣಲ್ಲಿ ಗ್ಲಿಸರಿನ್ ಸುರಿಯುವಾಗಲೂ
ಬೆರಳು ಸೆರಗಿನ ತುದಿಯಲ್ಲಿ ಎಳೆ ಎಣಿಸುತ್ತಿರುತ್ತದೆ.
'ಆ ಚಡಪಡಿಕೆ ಚೆನ್ನಾಗಿದೆ, ಇಟ್ಕೊಳ್ಳಿ' ಅಂದರು ಡೈರೆಕ್ಟರು.
ಇಟ್ಟುಕೊಂಡಿದ್ದೇನೆ.

ಆರ್.ಆರ್. ನಗರ, ಎಂಟನೇ ಮಹಡಿ, ಎರಡು ಪದರದ ಗಾಜು.
ಹಾರ್ನು ಕೂಡ ಹತ್ತುವುದಿಲ್ಲ ಇಲ್ಲಿಗೆ.
ರಾತ್ರಿ ಹನ್ನೊಂದಕ್ಕೆ
ಖಾಲಿ ವಾಷಿಂಗ್ ಮೆಷಿನ್ನಿಗೆ ಒಂದು ಹಳೇ ಬೂಟು ಹಾಕಿ
ತಿರುಗಲು ಬಿಟ್ಟು ಮಲಗುತ್ತೇನೆ.
ಕೆಳಗಿನ ಮನೆ ಆಂಟಿ ಜಗಳಕ್ಕೆ ಬಂದವರು
ಬಾಗಿಲಲ್ಲಿ ನನ್ನ ಮುಖ ನೋಡಿ
ಸೆಲ್ಫಿ ತೆಗೆದುಕೊಂಡು ಹೋದರು.
ಮರುದಿನ ಅಸೋಸಿಯೇಷನ್ನಿನಿಂದ ನೋಟಿಸು.

ಒಂದು ಮಗ್ಗ ಗುಜರಿಗೆ ಹೋಯಿತು.
ಇನ್ನೊಂದರ ಕರೆಂಟು ಬಿಲ್ಲು ನಾನು ಕಟ್ಟುತ್ತೇನೆಂದರೆ
ಅಪ್ಪ ಒಪ್ಪುವುದಿಲ್ಲ:
'ಮಗ್ಗದ ಬಿಲ್ಲು ಮಗ್ಗವೇ ಕಟ್ಟಬೇಕು.'
ಏಳೂವರೆಗೆ ಟೀವಿ ಹಾಕುತ್ತಾನೆ, ಮಗ್ಗ ನಿಲ್ಲಿಸುವುದಿಲ್ಲ.
ಸುಮಿತ್ರಾಳ ದನಿ ಅವನು ಇಂದಿಗೂ ಕೇಳಿಲ್ಲ.

ಮೊನ್ನೆ ಒಂದು ಶಾಟು, ಕಿಟಕಿ ಗಾಜಿನಾಚೆ ನಿಂತು
ಕೆಲಸದವಳಿಗೆ ಬೈಯಬೇಕು.
'ಮೇಲೆ ಮ್ಯೂಸಿಕ್ ಬರುತ್ತೆ, ಏನಾದ್ರೂ ಬಾಯಾಡಿಸಿ.'
ಕಣ್ಣು ಕೆಂಪು ಮಾಡಿದೆ, ಬೆರಳೆತ್ತಿದೆ, ಆಡಿಸಿದೆ:
ಅಪ್ಪಾ, ಆಪರೇಷನ್ ಆದ ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ಯಾ?
ಬರೀ ಅನ್ನ ಮೊಸರು ತಿಂದು ಮಲಗಬೇಡ.
'ಸೂಪರ್, ಏನು ಕ್ರೌರ್ಯ!' ಅಂದರು ಎಲ್ಲರೂ.

ಪ್ರಸಾರವಾದ ರಾತ್ರಿ ಎಂಟಕ್ಕೆ ಫೋನು.
ಖಟಕ್ ಖಟಕ್. ಅದರ ಮೇಲೆ ಅಪ್ಪನ ಕೂಗು:
'ಹಾಕ್ಕೊಂಡೆ!
ಹುರುಳಿ ಸಾರು ಮಾಡಿದ್ಲು ನಿಮ್ಮಮ್ಮ!'
ಆಮೇಲೆ ಕಟ್ ಮಾಡುವುದು ಮರೆತ, ಎಂದಿನಂತೆ.
ನಾನೂ ಮಾಡಲಿಲ್ಲ,
ಬ್ಯಾಟರಿ ಮುಗಿಯುವವರೆಗೆ.