ಕಾಲು ಸುತ್ತು

ಉದ್ಯಮಬಾಗದಾಗ ನನ್ನ ಕೆಲಸ ಸುತ್ತೋದು.
ಬೋರಿನ ಮೋಟರು ಸುಟ್ಟು ಬರ್ತಾವ,
ಕರ್ರಗ, ವಾರ್ನಿಶಿನ ನಾತ ಹೊತ್ತು.
ಹಳೆ ತಾಮ್ರ ಕಿತ್ತು ಹೊಸಾದು ಹಾಕತೀನಿ,
ಸುತ್ತು ಎಣಸತೀನಿ ಬಾಯಾಗ.
ನಡುವ ಯಾರರ ಮಾತಾಡಿಸಿದ್ರ ಮತ್ತ ಒಂದರಿಂದ.

ಇನಾಸ ಬ್ಯಾರೆಟೊ ತಂದದ್ದು ಮೋಟರಲ್ಲ.
ಕಂಬಳಿ ಸುತ್ತಿದ ಬೇಸ್ ಗಿಟಾರು, ಐದು ತಂತೀದು.
ಐತವಾರ ಕ್ಯಾಂಪಿನ ಇಗರ್ಜಿಯಾಗ,
ಉಳದಂಗ ಮದುವಿ ಆರ್ಕೆಸ್ಟ್ರಾದಾಗ ಬಾರಿಸ್ತಾನ.
"ಅಕ್ಕಾ, ನಾಕನೇದು ಏಳವಲ್ದು.
ಉಳದಾವೆಲ್ಲ ಮಾತಾಡ್ತಾವ, ಅದೊಂದು ಗುಟುಕು ನುಂಗತೈತಿ.
ಪುಣೇಕ ಕಳಸು ಅಂತಾರ.
ಇದೂ ತಾಮ್ರದ ಸುತ್ತೇ ಅಲ್ಲೇನ?"

ಹೌದು, ಸುತ್ತೇ. ಆದ್ರ ಇದರ ಮುಂದ ಕೂದಲೇ ದಪ್ಪ.
ಉಸಿರು ತಾಗಿದ್ರ ಹರೀತೈತಿ ಅಂತ
ಬಾಯಿಗೆ ಸೆರಗು ಹಿಡದು ನೋಡಿದೆ.
ಅಡಿಗೆ ಅಯಸ್ಕಾಂತ, ತಂತಿಗೊಂದು ತಿರುಪು.
ತಿರುಪು ಏರಿದ್ರ ತಂತಿಗೆ ಹತ್ರ, ದನಿ ಜೋರು.
ಇಷ್ಟ ಹೌದಲ್ಲೋ ಅಂತ
ನಾಕನೇ ತಿರುಪು ಪೂರ್ತಿ ಒಂದು ಸುತ್ತು ಏರಿಸಿದೆ.

ಜೋರೇನೋ ಆತು.
ಆದ್ರ ಮೀಟಿದ ಮ್ಯಾಲೆ ದನಿ ನಿಲ್ಲವಲ್ದು,
ನಡುಗಿ, ಸೊಟ್ಟ ಹೊಂಟು, ಶ್ರುತಿ ಬಿಟ್ಟು, ಸತ್ತು.
ಅಯಸ್ಕಾಂತ ಕೇಳೋದು ಬಿಟ್ಟು ಎಳಿಯಾಕ ಹತ್ತಿತ್ತು.
ನಮ್ಮ ದೊಡ್ಡವ್ವ ಹಿಂಗ ಇದ್ಲು,
ಸುದ್ದಿ ಕೇಳಾಕ ಬಂದು ನಮ್ಮ ಬಾಯಾಗ ತನ್ನ ಮಾತು ಇಡಾಕಿ.
ಇಳಿಸಿದೆ.
ಗದ್ದಲ ಮಾಡೋ ಮೂರನೇದನ್ನೂ ಕಾಲು ಸುತ್ತು ಇಳಿಸಿದೆ.

ಮೀಟರ್ ಹಚ್ಚಿದೆ.
ಎಲ್ಲಾಕ್ಕೂ ಒಂದೇ ಪೆಟ್ಟು ಬೀಳಬೇಕಂತ
ಹಳೆ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಅದರಲೆ ಮೀಟಿದೆ.
ಗ್ವಾಡಿ ಮ್ಯಾಲೆ ಸುಣ್ಣದ ಕಡ್ಡೀಲೆ ಬರದೆ:
ನೂರಾ ಹತ್ತು, ನೂರಾ ಎಂಟು, ಹತ್ತು, ಒಂಬತ್ತು, ಹತ್ತು.
ಲೆಕ್ಕಕ್ಕ ಇದಕಿಂತ ಸಮ ಬ್ಯಾರೆ ಇಲ್ಲ.
"ಮುಗೀತು, ಬಾರಿಸು" ಅಂದೆ.

ಬಾರಿಸಿದ.
ನಾಕನೇದು ಮತ್ತ ಗುಟುಕು ನುಂಗತು.

ಆವಾಗ ನೋಡಿದೆ ಕೈ.
ಬಂದಾಗಿಂದ ಕಿಸೇದಾಗ ಇತ್ತಲ್ಲ, ಬಲಗೈ.
ಹೆಬ್ಬಟ್ಟು ದಪ್ಪನವೆರಡಕ್ಕ,
ತೋರಬೆರಳು ಮೂರನೇದಕ್ಕ,
ನಾಕನೇದಕ್ಕ ನಡುಬೆರಳು. ಅದರ ತುದಿ ಇಲ್ಲ.
ಉಗುರು ಇರಬೇಕಾದಲ್ಲಿ ನುಣ್ಣನ್ನ ಚರ್ಮ,
ಕೂಸಿನ ಹಿಮ್ಮಡದಂಗ.
"ಫೌಂಡ್ರಿ ಪ್ರೆಸ್ಸು. ಎರಡು ನಾತಾಳ ಆತು" ಅಂದ.
"ಆರ್ಕೆಸ್ಟ್ರಾದಾಗ ಹೇಳಿಲ್ಲ.
ಬೆರಳು ಅಂದ್ರ ನನ್ನ ತಗೀತಾರ.
ಪಿಕಪ್ಪು ಅಂದ್ರ ರಿಪೇರಿ."

ನಾ ಏನೂ ಅನ್ನಲಿಲ್ಲ.
ಗ್ವಾಡಿ ಮ್ಯಾಲಿನ ಅಂಕಿ ಸೆರಗಲೆ ಒರಸಿದೆ,
ಮೀಟರ್ ಬಂದ್ ಮಾಡಿ ಅವನ ಮುಂದ ಕುಂತೆ.
"ಬಾರಿಸು. ನಿಲ್ಲಿಸಬ್ಯಾಡ."
ನಾಕನೇದು ಕಾಲು ಸುತ್ತು ಮ್ಯಾಲೆ. ಮತ್ತ ಅದರಾಗ ಅರ್ಧ.
ಸೊಟ್ಟ ಹೊಂಡೋ ಮೊದಲ ಕೈ ತಗದೆ.
ಕಡಿಮಿ ಬಿದ್ದದ್ದು ಉಳದಾವರಿಂದ ಕಡೀಬೇಕು:
ಮೂರನೇದು ತುಸು ಕೆಳಗ, ಐದನೇದೂ ತುಸು,
ದಪ್ಪನವೆರಡು ಕೂದಲೆಳಿಯಷ್ಟು.
ಒಟ್ಟ ದನಿನ ಸಣ್ಣ ಆತು.
ಆಗ್ಲಿ, ಆಂಪ್ಲಿಫೈಯರು ಇರೋದ್ಯಾಕ.

ಎರಡು ಸಲ ಚಾ ಆರಿತು.
ಕಡೀಕ ಅವನ ಗದ್ದ ತಾನಾಗೇ ಅಲ್ಲಾಡಾಕ ಹತ್ತಿತು.
ಅವ ಹೋಗೋ ಮೊದಲು, ಕದ್ದು, ಮತ್ತೊಮ್ಮೆ ಮೀಟರ್ ಹಚ್ಚಿ ನೋಡಿದೆ:
ಐದೂ ಐದು ನಮೂನಿ.
ಕೆಲಸಾ ಕಲಿಯಾಕ ಬಂದ ಹುಡುಗರು ಹಿಂಗ ಮಾಡಿದ್ರ
ನಾನೇ ಬಿಚ್ಚಿಸಿ ಮತ್ತ ಸುತ್ತಸ್ತಿದ್ದೆ.

ಹದಿನೈದು ದಿನಕ್ಕ ಶಹಾಪುರದಾಗ, ನಮ್ಮ ಓಣಿ ಹಿಂದ, ಲಗ್ನ.
ಹಾಡು ಕೇಳತಿತ್ತು, ಕೀಬೋರ್ಡು, ಡ್ರಮ್ಮು.
ಬೇಸು ಕಿವಿಗೆ ಬರೂದಲ್ಲ,
ಮಾಡದಾಗಿನ ಸ್ಟೀಲ್ ತಾಟು ಒಂದಕ್ಕೊಂದು ತಾಗಿ
ಜುಮ್ ಅಂದ್ವು.
ಅದರಾಗ ನಾಕನೇದು ಯಾವದು ಅಂತ ಹಿಡೀಬೇಕಂತ
ಹಾಲು ಉಕ್ಕಿ ಒಲಿ ಆರೂ ತನಕ ನಿಂತೆ.
ಸಿಗಲಿಲ್ಲ.