ಬಹುದು, ತಕ್ಕದ್ದು, ಬಾರದು

ಹೊಸಂಗಡಿಯ ರೈಲ್ವೆ ಗೇಟಿನ ಪಕ್ಕ, ಝೆರಾಕ್ಸ್ ಅಂಗಡಿಯ ಮೇಲೆ
ನನ್ನ ಆಫೀಸು. ವಾರವಿಡೀ ಆಧಾರ ಬರೆಯುತ್ತೇನೆ,
ಮಲಯಾಳದಲ್ಲಿ ಬಂದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ,
ಹೆಬ್ಬೆಟ್ಟಿಗೆ ಶಾಯಿ ಹಚ್ಚಿ, ಒರೆಸಲು ಬಟ್ಟೆ ಕೊಡುತ್ತೇನೆ.
ಭಾನುವಾರ ಮಾತ್ರ ಮೇಜು ಮಕ್ಕಳದ್ದು.

ಅವರ ಕಾರ್ಡುಗಳಿಗೆ ಒಂದೊಂದಕ್ಕೂ ಪ್ಲಾಸ್ಟಿಕ್ ಅಂಗಿ,
ನನ್ನ ಮೂಲಪತ್ರಗಳಿಗೂ ಇಲ್ಲ ಆ ಮರ್ಯಾದೆ.
ಅಕ್ಷರ ಇಂಗ್ಲಿಷಿನದು, ಇರುವೆಯ ಗಾತ್ರ.
ಆಲ್ಡನ್ ಓದುತ್ತಾನೆ, ಫಿದಾ ಬ್ಯಾರಿಯಲ್ಲಿ ಬಿಡಿಸುತ್ತಾಳೆ,
ಜಿತೇಶ ತುಳುವಿನಲ್ಲಿ ಬೈಯುತ್ತಾನೆ.
ಜಗಳ ಮಾತ್ರ ಕನ್ನಡದಲ್ಲೇ ಆಗಬೇಕು,
ತೀರ್ಪು ಹೇಳುವವಳು ನಾನು.

ಮೊದಲ ವ್ಯಾಜ್ಯ.
ಜಿತೇಶನ ಕಲ್ಲುಕಾವಲಿಗ: 'ಇವನು ಸಾಯುವುದಿಲ್ಲ.'
ಫಿದಾಳ ನೆರೆನೀರು: 'ಮೇಜಿನ ಮೇಲಿರುವವರೆಲ್ಲ ಹೊರಗೆ.'
ಕನ್ನಡಕ ಏರಿಸಿಕೊಂಡು ಹೇಳಿದೆ, ಕಾವಲಿಗ ಉಳಿಯಲಿ,
ಪಾಪ, ಕಲ್ಲಲ್ಲವೇ.
ಫಿದಾ ಎದ್ದು ನಿಂತಳು, ಒಂಬತ್ತು ವರ್ಷ:
"ಟೀಚರೇ," (ನಾನು ಟೀಚರಲ್ಲ)
"ಹೊರಗೆ ಹೋಗುವುದು ಸಾಯುವುದಲ್ಲ.
ನನ್ನ ಉಪ್ಪ ಶಾರ್ಜಾಕ್ಕೆ ಹೋಗಿದ್ದಾರೆ, ಸತ್ತಿದ್ದಾರಾ?"
ತೀರ್ಪು ತಿರುವಿದೆ.
ಕಲ್ಲು ಹೊರಗೆ ಹೋಯಿತು, ಜೀವಂತ.

ಅಂದಿನಿಂದ ಹಳೆಯ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ
ಬರೆದಿಡುತ್ತಿದ್ದೇನೆ:
ಕೊನೆಗೆ ಇಟ್ಟದ್ದು ಮೊದಲು ನಡೆಯುತ್ತದೆ, ತೊಳೆದು ಪೇರಿಸಿದ ತಟ್ಟೆಗಳ ಹಾಗೆ.
ಒಂದು ಕಾರ್ಡು ಇನ್ನೊಂದನ್ನು ಎಬ್ಬಿಸಿ, ಅದು ಮತ್ತೆ ಇದನ್ನು ಎಬ್ಬಿಸಿ,
ನಿಲ್ಲಿಸಲು ಯಾರಿಗೂ ಆಗದಿದ್ದರೆ ಆಟ ಸಮ; ಚಹಾ ಕುಡಿದು ಎದ್ದುಬಿಡಿ.
(ಕೋರ್ಟಿನಲ್ಲಿ ಈ ಸೌಲಭ್ಯವಿಲ್ಲ.)
'ಬಹುದು' ಎಂದರೆ ಬಿಡಲೂಬಹುದು.
'ತಕ್ಕದ್ದು' ಎಂದರೆ ಅಳುತ್ತಲಾದರೂ ಮಾಡು.
'ಬಹುದು' 'ಬಾರದು' ಎದುರಾದರೆ
ಬಾರದು ಗೆಲ್ಲುತ್ತದೆ.

ಈ ಸಾಲಿನಲ್ಲಿ ಪೆನ್ನು ನಿಂತಿತು.

ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಮೇಜು,
ಮೀಂಜದ ಕಡೆಯ ಒಂದು ವಿಭಾಗಪತ್ರ.
ಕಲಂ ಆರು: ಅಕ್ಕ ಬಾವಿಯಿಂದ ನೀರು ಸೇದಬಹುದು.
ಕಲಂ ಒಂಬತ್ತು: ತಮ್ಮ ತನ್ನ ಪಾಲಿಗೆ ಆವರಣ ಕಟ್ಟಬಹುದು.
ನನ್ನದೇ ಕೈಬರಹ, ಗುಂಡಗೆ, ಒಂದು ಕಾಟೂ ಇಲ್ಲ.
ಎರಡು ಬಹುದು. ಒಂದು ಬಾರದು ಎಲ್ಲಿಯೂ ಇರಲಿಲ್ಲ.
ತಮ್ಮ ಲಾರಿ ಕೆಂಪುಕಲ್ಲು ಇಳಿಸಿದ.
ಗೋಡೆ ಎದ್ದಿತು. ಬಾವಿ ಆಚೆಗೆ ಉಳಿಯಿತು.

ಜಲಜಾಕ್ಷಿಯಕ್ಕ ಪತ್ರ ಹಿಡಿದು ಈ ಮೆಟ್ಟಿಲು ಹತ್ತಿ ಬಂದರು.
"ಸೇದಬಹುದು ಅಂತ ಇದೆಯಲ್ಲ, ಇದೆ ತಾನೆ?"
ಇದೆ, ಅಂದೆ.
ಈಗಲೂ ಇದೆ.
ಇನ್ನೊಂದು ಕೈಯಲ್ಲಿ ಕೊಡ ಇತ್ತು, ಖಾಲಿ.
ಯಾಕೆ ತಂದಿರೆಂದು ನಾನು ಕೇಳಲಿಲ್ಲ.

ಇವತ್ತು ಎರಡು ರಟ್ಟು ಕತ್ತರಿಸಿ ಮಕ್ಕಳ ಮುಂದೆ ಇಟ್ಟೆ,
ಒಂದರಲ್ಲಿ ಬಾವಿ, ಒಂದರಲ್ಲಿ ಗೋಡೆ,
ಕೆಳಗೆ ಅವೇ ಎರಡು ಸಾಲು.
ಆಲ್ಡನ್ ಹೇಳಿದ, ಕೊನೆಗೆ ಬಂದದ್ದು ಮೊದಲು, ಹಾಗಾಗಿ ಗೋಡೆ.
ಜಿತೇಶನಿಗೆ ಯಾರ ಸರದಿ ಎಂದು ತಿಳಿಯಬೇಕಿತ್ತು.
ಫಿದಾ ಎರಡನ್ನೂ ಮಗುಚಿ ಹಿಂಬದಿ ನೋಡಿದಳು,
ಅಲ್ಲೇನೋ ಇರಬಹುದೆಂದು.
ಬಿಸ್ಕತ್ತು ಕಂಪೆನಿಯ ಹೆಸರಿತ್ತು.
"ಗೋಡೆಗೆ ಬಾಗಿಲು ಇಡಬಾರದು ಅಂತ ಎಲ್ಲಿದೆ?"

ಎಲ್ಲೂ ಇಲ್ಲ, ಮಗೂ.
ಇಡತಕ್ಕದ್ದು ಎಂದೂ ಇಲ್ಲ.
ಆರಕ್ಕೂ ಒಂಬತ್ತಕ್ಕೂ ನಡುವೆ ಜಾಗ ಬೇಕಾದಷ್ಟಿತ್ತು,
ಏಳು ಎಂಟರಲ್ಲಿ ನಾನು ತೆಂಗಿನಮರ ಎಣಿಸುತ್ತಿದ್ದೆ.

"ಹಾಗಾದರೆ ಗೆದ್ದದ್ದು ಯಾರು?" ಜಿತೇಶನ ಪ್ರಶ್ನೆ.
ಆ ಆಟ ಮುಗಿಯಿತು, ಅಂದೆ,
ಆಡುತ್ತಿದ್ದವರಲ್ಲಿ ಒಬ್ಬರು ಹೊರಗೆ ಹೋದರು.

ಫಿದಾ ಕಾರ್ಡು ಕೆಳಗಿಟ್ಟಳು.
"ಹೊರಗೆಯಾ, ಸತ್ತದ್ದಾ?"

ಗೇಟು ಬಿತ್ತು. ಮಂಗಳೂರಿನ ಗಾಡಿ.
ಕಿಟಕಿ, ಲೋಟ, ಬಾವಿ, ಗೋಡೆ ಎಲ್ಲ ನಡುಗಿದವು,
ಯಾರ ಮಾತೂ ಯಾರಿಗೂ ಕೇಳದಷ್ಟು ಹೊತ್ತು.
ಉದ್ದನೆಯ ಗಾಡಿ, ಪುಣ್ಯಕ್ಕೆ.