ಕತ್ತಲೆಯೆಂದರೆ ಜಾಹೀರಾತು

ಬ್ಯಾಲರಟ್‌ನ ಯಾವುದೋ ಕಚೇರಿ ಎಸೆಯಲಿಟ್ಟ ಕಂಪ್ಯೂಟರು,
ನಲವತ್ತು ಡಾಲರು. ‘ಲೆಕ್ಕಪತ್ರ ೩’ ಎಂಬ ಅರ್ಥದ ಚೀಟಿ
ಇನ್ನೂ ಅದರ ನೆತ್ತಿಗಂಟಿದೆ.
ಹೆಬ್ಬೆರಳಷ್ಟು ಟ್ಯೂನರನ್ನು ಹಿಂದೆ ಚುಚ್ಚಿ,
ಕಿಟಕಿಯ ಸಂದಿಯಿಂದ ತಂತಿ ಎಳೆದುಕೊಂಡು
ಪದ್ಮರಾಜ ಮಾಡು ಹತ್ತಿದ. ಏಣಿ ಪಕ್ಕದ ಮನೆಯ ಗ್ಲೆನಿಸಳದು.
“ಬಂತಾ?” ಮೇಲಿಂದ ಅವನು.
“ಇಲ್ಲ.” ಒಳಗಿಂದ ನಾನು.
ನಡುವೆ ಏಣಿ ಹಿಡಿದು ನಿಂತ ಗ್ಲೆನಿಸ್
ಸಂಜೆಯೊಳಗೆ ಕಲಿತೇಬಿಟ್ಟಳು
ಕನ್ನಡದ ಆ ಎರಡು ಮಾತು.

ತಂತ್ರಾಂಶಕ್ಕೆ ಕಾಸಿಲ್ಲ.
ಯಾರೋ ಬರೆದದ್ದು, ಯಾರೋ ತಿದ್ದಿದ್ದು,
ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ ಎಂದು
ಬಾಗಿಲು ತೆರೆದಿಟ್ಟು ಹೋದ ಮನೆಯ ಹಾಗೆ.
ಮೂರು ರಾತ್ರಿ ಪದ್ಮರಾಜ ಆ ಮನೆಯೊಳಗೇ ಇದ್ದ,
ದೀಪದ ಸ್ವಿಚ್ಚು ಹುಡುಕುತ್ತ.
ನಾಲ್ಕನೆಯ ದಿನ, ಇಬ್ಬರೂ ಬೇಕರಿಯ ಪಾಳಿಯಲ್ಲಿದ್ದಾಗ,
ನಮ್ಮ ಖಾಲಿ ಮನೆ ತಾನೇ ಎದ್ದು ಕೂತು
ಆರು ಗಂಟೆಯ ವಾರ್ತೆ ನೋಡಿತು.

ಜಾಹೀರಾತನ್ನೂ ಅದೇ ಹಾರಿಸುತ್ತದೆ.
ಹೇಗೆ ಗೊತ್ತಾಗುತ್ತದೆ ಅದಕ್ಕೆ, ಕೇಳಿದೆ.
ತೆರೆ ಕಪ್ಪಾಗಬೇಕು, ಸದ್ದು ನಿಲ್ಲಬೇಕು,
ಅಲ್ಲಿಂದಾಚೆ ಮಾರುವವರ ಸೀಮೆ.
ಅದರ ಲೋಕಜ್ಞಾನ ಅಷ್ಟೇ.

ಮಂಗಳವಾರ ಗ್ಲೆನಿಸ್ ಟೀವಿಯಲ್ಲಿ ಬಂದಳು.
ಈಜುಕೊಳ ಮುಚ್ಚುತ್ತಾರಂತೆ. ಐವತ್ತೆರಡು ವರ್ಷ
ಊರ ಮಕ್ಕಳಿಗೆ ಮುಳುಗದಿರುವುದ ಕಲಿಸಿದವಳನ್ನು ಕೇಳಿದ್ದರು.
ಅವಳ ಟೀವಿ ಕೆಟ್ಟು ವರ್ಷವಾಗಿತ್ತು.
ಭಾನುವಾರ ನಮ್ಮಲ್ಲಿಗೆ ಬಂದಳು,
ತಟ್ಟೆ ತುಂಬ ಓಟ್ಸ್ ಬಿಸ್ಕತ್ತು, ಕೊರಳಲ್ಲಿ ಹಳದಿ ಮಣಿಸರ.

ಕೊಳ ಬಂತು. ಬೀಗ ಬಂತು. ನಗರಸಭೆಯವನೊಬ್ಬ
ಖರ್ಚಿನ ಲೆಕ್ಕ ಒಪ್ಪಿಸಿದ.
ಆಮೇಲೆ ಸೀದಾ ಹವಾಮಾನ.
“ಇಲ್ಲ,” ಎಂದಳು ಗ್ಲೆನಿಸ್, ಕನ್ನಡದಲ್ಲಿ.

ಪದ್ಮರಾಜನ ಕಿವಿ ಕೆಂಪಾಯಿತು.
ಹಾರಿಸಿದೆ, ಅಳಿಸಿಲ್ಲ ಎಂದ.
ಕತ್ತರಿಸಬೇಕಾದದ್ದರ ಪಟ್ಟಿ ಬರೆದಿಡುತ್ತದಂತೆ,
ಕತ್ತರಿ ಮುಟ್ಟುವುದಿಲ್ಲವಂತೆ.
ಪಟ್ಟಿ ತೆಗೆದ. ಹಿಂದಕ್ಕೆ ಹೋದ.

ಬಟ್ಟೆ ಬದಲಿಸುವ ಕೋಣೆಯ ಕತ್ತಲ ಬಾಗಿಲು,
ಅದರ ಮುಂದೆ ಕಪ್ಪು ಕೋಟಿನಲ್ಲಿ ಅವಳು.
ಏನನಿಸುತ್ತಿದೆ ಈಗ, ಎಂದು ಕೇಳುತ್ತದೆ ಎಳೆಯ ದನಿ.
ಬಾಯಿ ತೆರೆಯುತ್ತಾಳೆ. ಮುಚ್ಚುತ್ತಾಳೆ.
ಒಂಬತ್ತು ಸೆಕೆಂಡು.
ನೀರಿನ ಸದ್ದೂ ಇಲ್ಲ, ಬಸಿದುಬಿಟ್ಟಿದ್ದರು.
ಸೋಫಾದ ಮೇಲೆ ನಾವು ಮೂವರು
ಉಸಿರು ಕಟ್ಟಿ ಕೂತಿದ್ದೆವು, ತಳ ಮುಟ್ಟಿ ಬರುವವರಂತೆ.

“ಬಂತಾ,” ಎಂದಳು ಕೊನೆಗೆ,
ಪ್ರಶ್ನೆಯ ರಾಗವಿಲ್ಲದೆ.
ನಾವು ತಿದ್ದಲಿಲ್ಲ.

ಡಿಸ್ಕು ತುಂಬಿದರೆ ಹಳೆಯದನ್ನು ಮೊದಲು ಅಳಿಸುವ ಯಂತ್ರ ಇದು.
ಆ ಒಂದು ಸಂಜೆಯ ಮುಂದೆ ಮಾತ್ರ
‘ಇರಲಿ’ ಎಂದು ಗುರುತು ಹಾಕಿದ್ದೇವೆ.
ಅದರ ಹತ್ತೊಂಬತ್ತನೆಯ ನಿಮಿಷದಲ್ಲಿ
ಜಮಖಾನೆ ಮಾರುವವನೊಬ್ಬ ಕೂಗುತ್ತಾನೆ,
ಝಗಝಗ ಬೆಳಕಿನಲ್ಲಿ, ನಡುವೆ ಉಸಿರೂ ತೆಗೆಯದೆ.
ಅವನನ್ನು ಇವತ್ತಿಗೂ ವಾರ್ತೆಯೆಂದೇ ನಂಬಿದೆ
ಲೆಕ್ಕಪತ್ರ ೩.